ಒಂದು ದಿನದ ಅಂತರದ ಎರಡು ರಾಷ್ಟ್ರಭಾಷೆಗಳು: ಐರಿಷ್ ಮತ್ತು ಫಿಲಿಪಿನೋ

1937ರ ಡಿಸೆಂಬರ್ 29ರಂದು ಐರ್ಲೆಂಡಿನ ಈಗಿನ ಸಂವಿಧಾನವು ಜಾರಿಗೆ ಬಂದಿತು. ಐರಿಷ್ ರಾಷ್ಟ್ರಭಾಷೆಯೆಂದೂ, ಆ ಕಾರಣದಿಂದಲೇ ಅದು ಮೊದಲ ಅಧಿಕೃತ ಭಾಷೆಯೆಂದೂ ಅದರ ಎಂಟನೆಯ ವಿಧಿ ಸಾರಿತು. ಇಂಗ್ಲಿಷಿಗೆ ಎರಡನೆಯ ಸ್ಥಾನ ದೊರೆಯಿತು. ಮರುದಿನ, ಡಿಸೆಂಬರ್ 30ರಂದು, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿರುವ ಮನಿಲಾದಲ್ಲಿ ಅಧ್ಯಕ್ಷ ಮಾನುವೆಲ್ ಕೆಸೋನ್ ಅವರು ಟಗಾಲೋಗ್ ಭಾಷೆಯ ತಳಹದಿಯ ಮೇಲೆ ಫಿಲಿಪ್ಪೀನ್ಸಿನ ರಾಷ್ಟ್ರಭಾಷೆ ರೂಪುಗೊಳ್ಳುವುದೆಂದು ಘೋಷಿಸಿದರು. ಎರಡೂ ನಾಡುಗಳು ಪರರ ಆಳ್ವಿಕೆಯನ್ನು ಕಂಡವು. ಎರಡರಲ್ಲೂ ಕ್ಯಾಥೊಲಿಕ್ ಧರ್ಮ ಬೇರುಬಿಟ್ಟಿತ್ತು. ಎರಡರಲ್ಲೂ ಇಂಗ್ಲಿಷ್ ಆಡಳಿತದ ಬಾಗಿಲಲ್ಲಿ ಕುಳಿತಿತ್ತು. ಆದರೆ ಅಂದು ಒಂದೇ ಬಗೆಯ ಪಟ್ಟವನ್ನು ಪಡೆದ ಈ ಎರಡು ಭಾಷೆಗಳ ಇಂದಿನ ಸ್ಥಿತಿ ಒಂದೇ ಅಲ್ಲ. ಏಕೆ ಅಲ್ಲ ಎಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ನಾನು ಹಲವು ವರ್ಷಗಳಿಂದ ಡಬ್ಲಿನ್ ನಗರದಲ್ಲಿ ನೆಲೆಸಿದ್ದೇನೆ. ಇಲ್ಲಿನ ಆಸ್ಪತ್ರೆಗಳಲ್ಲಿ ಭಾರತದ ದಾದಿಯರಂತೆಯೇ ಫಿಲಿಪ್ಪೀನ್ಸಿನ ದಾದಿಯರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆದುದರಿಂದ ಈ ಎರಡು ಭಾಷೆಗಳೂ ನನಗೆ ದಿನನಿತ್ಯ ಎದುರಾಗುತ್ತವೆ, ಆದರೆ ಬೇರೆ ಬೇರೆ ರೀತಿಯಲ್ಲಿ. ಐರಿಷ್ ಅನ್ನು ನಾನು ಹೆಚ್ಚಾಗಿ ಕಾಣುವುದು ಫಲಕಗಳಲ್ಲಿ: ಊರಿನ ನಡುಭಾಗಕ್ಕೆ ಹೋಗುವ ಬಸ್ಸಿನ ಹಣೆಯ ಮೇಲೆ ‘ಅನ್ ಲಾರ್’ ಎಂದಿರುತ್ತದೆ. ಫಿಲಿಪಿನೋ ಭಾಷೆಯನ್ನು ಫಲಕಗಳಲ್ಲಿ ಕಾಣೆ. ಅದನ್ನು ಕಿವಿಯಿಂದ ಕೇಳುತ್ತೇನೆ, ಊಟದ ಕೋಣೆಯಲ್ಲಿ, ರೈಲಿನಲ್ಲಿ, ದೂರವಾಣಿಯಲ್ಲಿ ತಾಯಿಯೊಡನೆ ಮಾತಾಡುವವರ ಬಾಯಲ್ಲಿ. ಒಂದು ಕಣ್ಣಿಗೆ ಬೀಳುವ ಭಾಷೆ, ಇನ್ನೊಂದು ಕಿವಿಗೆ ಬೀಳುವ ಭಾಷೆ. ಈ ವ್ಯತ್ಯಾಸವೇ ಮುಂದಿನ ವಿವೇಚನೆಗೆ ದಾರಿ.

ಕುಲ ಮತ್ತು ನಂಟು

ವಂಶದ ದೃಷ್ಟಿಯಿಂದ ಇವೆರಡಕ್ಕೂ ಸಂಬಂಧವಿಲ್ಲ. ಐರಿಷ್ ಇಂಡೋ-ಯುರೋಪಿಯನ್ ಕುಟುಂಬದ ಕೆಲ್ಟಿಕ್ ಶಾಖೆಗೆ ಸೇರಿದುದು. ಫಿಲಿಪಿನೋ ಆಸ್ಟ್ರೋನೇಷಿಯನ್ ಕುಟುಂಬದ್ದು. ಮಲಯ, ಜಾವಾನೀಸ್, ದೂರದ ಮಡಗಾಸ್ಕರಿನ ಮಲಗಾಸಿ, ಹವಾಯಿಯ ಭಾಷೆ ಇವೆಲ್ಲ ಅದರ ಬಂಧುಗಳು. ‘ಟಗಾಲೋಗ್’ ಮತ್ತು ‘ಫಿಲಿಪಿನೋ’ ಎಂಬ ಹೆಸರುಗಳ ವಿಷಯದಲ್ಲಿ ಗೊಂದಲವಾಗಬಾರದು: ಟಗಾಲೋಗ್ ಎಂಬುದು ಮನಿಲಾ ಮತ್ತು ಅದರ ಸುತ್ತಲಿನ ಜನರ ಭಾಷೆ, ಅದರ ಮೇಲೆ ಕಟ್ಟಿದ ರಾಷ್ಟ್ರಭಾಷೆಯನ್ನು 1959ರಿಂದ ‘ಪಿಲಿಪಿನೋ’ ಎಂದೂ, 1987ರ ಸಂವಿಧಾನದಲ್ಲಿ ‘ಫಿಲಿಪಿನೋ’ ಎಂದೂ ಕರೆಯಲಾಗಿದೆ.

ಸಂಸ್ಕೃತ ಪದಗಳನ್ನು ಬಲ್ಲ ಕನ್ನಡಿಗರಿಗೆ ಎರಡೂ ಭಾಷೆಗಳಲ್ಲಿ ಪರಿಚಿತ ಮುಖಗಳು ಕಾಣುತ್ತವೆ. ಆದರೆ ಅವು ಬಂದ ದಾರಿಗಳು ಬೇರೆ. ಐರಿಷಿನಲ್ಲಿ ಅರಸನಿಗೆ ‘ರೀ’, ಹಸುವಿಗೆ ‘ಬೋ’, ಹತ್ತಕ್ಕೆ ‘ಜೆಹ್’ ಎನ್ನುತ್ತಾರೆ. ಇವು ಸಂಸ್ಕೃತದ ‘ರಾಜನ್’, ‘ಗೋ’, ‘ದಶ’ ಶಬ್ದಗಳ ಒಡಹುಟ್ಟುಗಳು. ಒಂದೇ ಮೂಲಭಾಷೆಯಿಂದ ಎರಡೂ ಕಡೆಗೆ ಇಳಿದವು. ಫಿಲಿಪಿನೋದಲ್ಲಿ ಶಿಕ್ಷಕರು ‘ಗುರೋ’, ಮುಖವು ‘ಮುಖಾ’, ಬಡತನದ ಸಂಕಟವುಳ್ಳವನು ‘ದುಖಾ’. ಇವು ಒಡಹುಟ್ಟುಗಳಲ್ಲ, ಅತಿಥಿಗಳು. ಮಲಯ ಮತ್ತು ಜಾವಾ ದ್ವೀಪಗಳ ವ್ಯಾಪಾರದ ಹಾದಿಯಲ್ಲಿ ಸಂಸ್ಕೃತದಿಂದ ಬಂದು ನೆಲೆನಿಂತವು.

ಆ ಹಾದಿಗೆ ಲೋಹದ ಸಾಕ್ಷಿಯೂ ಇದೆ. ಮನಿಲಾದ ಬಳಿಯ ಲಗುನಾ ಪ್ರಾಂತ್ಯದಲ್ಲಿ 1989ರಲ್ಲಿ ದೊರೆತ ತಾಮ್ರಶಾಸನವು ಶಕವರ್ಷ 822ಕ್ಕೆ, ಎಂದರೆ ಕ್ರಿ.ಶ. 900ಕ್ಕೆ ಸೇರಿದುದು. ಸಾಲವೊಂದು ತೀರಿತೆಂದು ಹೇಳುವ ಆ ಶಾಸನದ ಭಾಷೆ ಬಹುಮಟ್ಟಿಗೆ ಹಳೆಯ ಮಲಯ. ಮೊದಲ ಪದ ‘ಸ್ವಸ್ತಿ’. ಅದೇ ಕಾಲದಲ್ಲಿ ರಾಷ್ಟ್ರಕೂಟರ ನಾಡಿನ ಕನ್ನಡ ಶಾಸನಗಳೂ ‘ಸ್ವಸ್ತಿ’ ಎಂದೇ ಆರಂಭವಾಗಿ ಶಕವರ್ಷವನ್ನು ಹೇಳುತ್ತಿದ್ದವು. ಟಗಾಲೋಗಿನ ಹಳೆಯ ಲಿಪಿಯಾದ ‘ಬಾಯ್‌ಬಾಯಿನ್’ ಕೂಡ ಬ್ರಾಹ್ಮಿಯ ಸಂತತಿ. ಅದರಲ್ಲಿ ಪ್ರತಿ ವ್ಯಂಜನಾಕ್ಷರದಲ್ಲೂ ನಮ್ಮಲ್ಲಿರುವಂತೆ ‘ಅ’ಕಾರ ಅಡಗಿರುತ್ತದೆ, ಮೇಲೆ ಚುಕ್ಕೆಯಿಟ್ಟರೆ ಇ ಅಥವಾ ಎ, ಕೆಳಗೆ ಇಟ್ಟರೆ ಉ ಅಥವಾ ಒ. ಐರಿಷಿನ ಮೊದಲ ಲಿಪಿ ‘ಓಗಮ್’ ಇದಕ್ಕೆ ಪೂರ್ಣ ಭಿನ್ನ: ನಿಲ್ಲಿಸಿದ ಕಲ್ಲಿನ ಅಂಚಿನಲ್ಲಿ ಕೊರೆದ ಗೀರುಗಳ ಎಣಿಕೆಯೇ ಅಲ್ಲಿ ಅಕ್ಷರ. ಎರಡೂ ಭಾಷೆಗಳು ಇಂದು ರೋಮನ್ ಲಿಪಿಯಲ್ಲಿವೆ.

ಕ್ರಿಯೆಯೇ ಮೊದಲು

ವಂಶ ಬೇರೆಯಾದರೂ ವಾಕ್ಯದ ಕಟ್ಟಿನಲ್ಲಿ ಆಶ್ಚರ್ಯಕರವಾದ ಹೋಲಿಕೆಯಿದೆ. ‘ನಾನು ಹಾಲು ಕುಡಿದೆ’ ಎಂಬುದು ಐರಿಷಿನಲ್ಲಿ ‘ದೋಲ್ ಮೇ ಬಾನ್ಯ’. ಫಿಲಿಪಿನೋದಲ್ಲಿ ‘ಉಮಿನೊಮ್ ಅಕೋ ನಂಗ್ ಗಾತಸ್’. ಪದಕ್ಕೆ ಪದವಿಟ್ಟರೆ ಎರಡರಲ್ಲೂ ‘ಕುಡಿದೆ ನಾನು ಹಾಲು’. ಕ್ರಿಯಾಪದ ಎಲ್ಲಕ್ಕೂ ಮುಂದೆ ಬರುತ್ತದೆ. ಕ್ರಿಯಾಪದವನ್ನು ಕೊನೆಗೆ ಕಾಯುವ ಕನ್ನಡಿಗನಿಗೆ ಇದು ತಲೆಕೆಳಗಾದ ಮನೆಯಂತೆ ತೋರುತ್ತದೆ. ಇಂಗ್ಲಿಷಿನವರಿಗೆ ಅರ್ಧ ತಿರುಗಿದರೆ ಸಾಕು, ನಾವು ಪೂರ್ತಿ ತಿರುಗಬೇಕು. ಲೋಕದ ಭಾಷೆಗಳಲ್ಲಿ ಕ್ರಿಯೆಯನ್ನು ಮೊದಲಿಡುವವು ಅಲ್ಪಸಂಖ್ಯಾತವೇ. ಅವುಗಳಲ್ಲಿ ಎರಡು, ಸಾವಿರಾರು ಮೈಲಿಗಳ ಅಂತರದಲ್ಲಿ, ಪರಸ್ಪರ ಅರಿಯದೆ ಒಂದೇ ಕ್ರಮಕ್ಕೆ ಬಂದಿವೆ.

ಇದೆ, ಇಲ್ಲ, ಅಲ್ಲ

ಇಂಗ್ಲಿಷಿನಲ್ಲಿ ‘ಹ್ಯಾವ್’ ಎಂಬ ಸ್ವಾಮ್ಯದ ಕ್ರಿಯಾಪದವಿದೆ. ಐರಿಷಿನಲ್ಲಿ ಅಂಥದಿಲ್ಲ, ಕನ್ನಡದಲ್ಲೂ ಇಲ್ಲ. ‘ತಾ ಕತ್ ಅಗಮ್’ ಎಂದರೆ ‘ಇದೆ ಬೆಕ್ಕು ನನ್ನ ಬಳಿ’. ‘ಅಗಮ್’ ಎಂಬುದು ‘ನನ್ನ ಬಳಿ’, ‘ಅಗತ್’ ಎಂಬುದು ‘ನಿನ್ನ ಬಳಿ’. ವಿಭಕ್ತಿಯಂತಹ ಅರ್ಥ ಮತ್ತು ಸರ್ವನಾಮ ಒಂದೇ ಪದದಲ್ಲಿ ಬೆಸೆದಿವೆ. ಫಿಲಿಪಿನೋದಲ್ಲಿ ‘ಮಾಯ್ ಪುಸಾ ಅಕೋ’, ಎಂದರೆ ‘ಇದೆ ಬೆಕ್ಕು ನಾನು’. ಮೂರು ಭಾಷೆಗಳಲ್ಲೂ ಒಡೆತನವನ್ನು ಹೇಳುವುದು ಇರುವಿಕೆಯ ಮೂಲಕ.

ಉತ್ತರ ಕೊಡುವ ರೀತಿಯೂ ಗಮನಾರ್ಹ. ಐರಿಷಿನಲ್ಲಿ ‘ಹೌದು’ ಎಂಬುದಕ್ಕೆ ಒಂಟಿ ಪದವೇ ಇಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ಮರಳಿ ನುಡಿಯಬೇಕು. ‘ಅನ್ ವಿಲ್ ಕತ್ ಅಗತ್?’ ಎಂದು ಕೇಳಿದರೆ ‘ತಾ’ ಅಥವಾ ‘ನೀಲ್’ ಎಂಬುದು ಉತ್ತರ. ‘ಬೆಕ್ಕಿದೆಯೇ?’ ಎಂದರೆ ನಾವೂ ‘ಇದೆ’ ಅಥವಾ ‘ಇಲ್ಲ’ ಎನ್ನುತ್ತೇವೆ. ಫಿಲಿಪಿನೋದವರು ‘ಮೆರೋನ್’ ಅಥವಾ ‘ವಲಾ’ ಎನ್ನುತ್ತಾರೆ. ಅವು ಕೂಡ ‘ಇದೆ’, ‘ಇಲ್ಲ’ಗಳೇ.

ಇನ್ನೂ ಸೂಕ್ಷ್ಮವಾದುದು ‘ಇಲ್ಲ’ ಮತ್ತು ‘ಅಲ್ಲ’ಗಳ ಭೇದ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದನ್ನು ಕಲಿಸುವುದು ಎಷ್ಟು ಕಷ್ಟವೆಂಬುದು ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಎಲ್ಲರಿಗೂ ಗೊತ್ತು. ಐರಿಷಿನಲ್ಲಿ ‘ನನ್ನ ಬಳಿ ಬೆಕ್ಕಿಲ್ಲ’ ಎನ್ನಲು ‘ನೀಲ್’ ಬೇಕು, ‘ನಾನು ವೈದ್ಯನಲ್ಲ’ ಎನ್ನಲು ‘ನೀ’ ಬೇಕು. ಫಿಲಿಪಿನೋದಲ್ಲಿ ಮೊದಲನೆಯದಕ್ಕೆ ‘ವಲಾ’, ಎರಡನೆಯದಕ್ಕೆ ‘ಹಿಂದಿ’. ಕೊನೆಯ ಪದವನ್ನು ಕೇಳಿ ಕನ್ನಡಿಗರು ಮುಗುಳ್ನಗಬಹುದು. ಆ ಹೆಸರಿನ ಭಾಷೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಹೋಲಿಕೆ ಎಲ್ಲ ಕಡೆ ಸರಿಸಮವಲ್ಲ: ನಡೆಯದ ಕೆಲಸಕ್ಕೆ ನಾವು ‘ಇಲ್ಲ’ವನ್ನು ಬಳಸಿ ‘ಕುಡಿಯಲಿಲ್ಲ’ ಎನ್ನುವಲ್ಲಿ ಫಿಲಿಪಿನೋ ‘ಹಿಂದಿ’ಯನ್ನೇ ಬಳಸುತ್ತದೆ. ಆದರೂ ಇರುವಿಕೆಯ ನಿಷೇಧ ಬೇರೆ, ಗುರುತಿನ ನಿಷೇಧ ಬೇರೆ ಎಂಬ ತಿಳಿವು ಮೂರಕ್ಕೂ ಸಮಾನ.

ಅನುನಾಸಿಕದ ಕೆಲಸ

ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’, ಕಣ್ ಮತ್ತು ಪನಿ ಸೇರಿ ‘ಕಂಬನಿ’ ಆಗುವುದನ್ನು ನಾವು ಆದೇಶ ಸಂಧಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ: ಕ, ತ, ಪ ಇರುವಲ್ಲಿ ಗ, ದ, ಬ ಬರುತ್ತವೆ. ಐರಿಷಿನಲ್ಲಿ ಇದೇ ಬದಲಾವಣೆ ಪದದ ಆರಂಭದಲ್ಲಿ ನಡೆಯುತ್ತದೆ. ‘ಕತ್’ ಎಂದರೆ ಬೆಕ್ಕು, ‘ತರವ್’ ಎಂದರೆ ಹೋರಿ, ‘ಪೊತ’ ಎಂದರೆ ಪಾತ್ರೆ. ‘ನಮ್ಮ’ ಎಂಬರ್ಥದ ‘ಆರ್’ ಹಿಂದೆ ಬಂದಾಗ ಅವು ‘ಆರ್ ಗತ್’, ‘ಆರ್ ದರವ್’, ‘ಆರ್ ಬೊತ’ ಆಗುತ್ತವೆ. ಬರೆಯುವಾಗ ಹೊಸ ಅಕ್ಷರವನ್ನೂ ಹಳೆಯ ಅಕ್ಷರವನ್ನೂ ಜೊತೆಗಿಡುವುದರಿಂದ ಐರಿಷ್ ಕಾಗುಣಿತ ಹೊರಗಿನವರನ್ನು ಬೆದರಿಸುತ್ತದೆ. ‘ನನ್ನ’ ಎಂಬರ್ಥದ ‘ಮೊ’ ಬಂದರೆ ಬೇರೊಂದು ಮೃದುತ್ವ: ‘ಮೊ ಖತ್’. ಹೀಗೆ ನಿಘಂಟಿನಲ್ಲಿ ಒಂದು ಪದವನ್ನು ಹುಡುಕಬೇಕಾದರೆ ಮೊದಲು ಅದರ ಮೊದಲ ಅಕ್ಷರವನ್ನೇ ಊಹಿಸಬೇಕಾಗುತ್ತದೆ.

ಈ ಬದಲಾವಣೆಗೆ ಕಾರಣ ಒಂದು ಮರೆಯಾದ ಅನುನಾಸಿಕ. ‘ಆರ್’ ಪದದ ಕೊನೆಯಲ್ಲಿ ಹಿಂದೊಮ್ಮೆ ‘ನ್’ ಇತ್ತು. ಅದು ಸವೆದುಹೋಗಿ ತನ್ನ ಗುರುತನ್ನು ಮುಂದಿನ ಪದದ ಮೇಲೆ ಬಿಟ್ಟಿತು. ಫಿಲಿಪಿನೋದಲ್ಲಿ ಅನುನಾಸಿಕವು ಅಡಗುವುದಿಲ್ಲ, ಎದುರಿನ ವ್ಯಂಜನವನ್ನೇ ನುಂಗುತ್ತದೆ: ಸಾಧನವನ್ನು ಸೂಚಿಸುವ ‘ಪಂಗ್’ ಎಂಬ ಪೂರ್ವಪ್ರತ್ಯಯ ‘ಸುಲತ್’ ಎಂಬ ಬರವಣಿಗೆಯ ಧಾತುವಿಗೆ ಸೇರಿದಾಗ ‘ಪನುಲತ್’, ಎಂದರೆ ಲೇಖನಿ, ‘ಪಾಲೊ’ ಎಂಬ ಹೊಡೆತದ ಧಾತುವಿಗೆ ಸೇರಿದಾಗ ‘ಪಮಾಲೊ’, ಎಂದರೆ ಹೊಡೆಯುವ ಕೋಲು.

ಅಗಲುವ ದಾರಿಗಳು

ಹೋಲಿಕೆ ಇಲ್ಲಿಗೆ ಮುಗಿದು ಭೇದಗಳು ತೊಡಗುತ್ತವೆ. ಫಿಲಿಪಿನೋ ಕ್ರಿಯಾಪದದ ವೈಶಿಷ್ಟ್ಯವೆಂದರೆ ವಾಕ್ಯದಲ್ಲಿ ಯಾವುದು ಮುಖ್ಯವೋ ಅದಕ್ಕೆ ತಕ್ಕಂತೆ ಪದದ ಒಡಲೇ ಬದಲಾಗುವುದು. ‘ಬಿಲಿ’ ಎಂಬುದು ಕೊಳ್ಳುವುದರ ಧಾತು. ಕೊಂಡವನು ಮುಖ್ಯನಾದರೆ ‘ಬುಮಿಲಿ’, ಕೊಂಡ ವಸ್ತು ಮುಖ್ಯವಾದರೆ ‘ಬಿನಿಲಿ’, ಯಾರಿಗಾಗಿ ಕೊಂಡರೋ ಅವರು ಮುಖ್ಯರಾದರೆ ‘ಇಬಿನಿಲಿ’. ಪ್ರತ್ಯಯವು ಧಾತುವಿನ ಹಿಂದೆಮುಂದೆ ಮಾತ್ರವಲ್ಲ, ನಡುವೆಯೂ ಹೊಕ್ಕುತ್ತದೆ. ಐರಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಇಂಥ ಏರ್ಪಾಟಿಲ್ಲ.

ಐರಿಷ್ ನಾಮಪದಗಳಿಗೆಲ್ಲ ಪುಂಸ್ತ್ರೀ ಲಿಂಗಭೇದವುಂಟು. ಫಿಲಿಪಿನೋದಲ್ಲಿ ಅವನು, ಅವಳು ಎರಡಕ್ಕೂ ‘ಸಿಯಾ’ ಒಂದೇ. ಗೌರವದಲ್ಲಿ ಫಿಲಿಪಿನೋ ನಮಗೆ ಹತ್ತಿರ. ಹಿರಿಯರೊಡನೆ ಮಾತಾಡುವಾಗ ಪ್ರತಿ ವಾಕ್ಯದಲ್ಲೂ ‘ಪೊ’ ಸೇರಬೇಕು, ಒಬ್ಬರನ್ನೇ ‘ಕಯೋ’ ಎಂಬ ಬಹುವಚನದಿಂದ ಕರೆಯಬೇಕು, ನಮ್ಮ ‘ನೀವು’ವಿನಂತೆ. ಐರಿಷಿನಲ್ಲಿ ಒಬ್ಬರಾದರೆ ಎಲ್ಲರಿಗೂ ‘ತೂ’. ಭಾವಗಳ ವಿಷಯದಲ್ಲಿ ಐರಿಷ್ ಹತ್ತಿರ: ‘ತಾ ಓಕ್ರಸ್ ಓರಮ್’, ‘ಹಸಿವು ನನ್ನ ಮೇಲಿದೆ’. ನಾವು ‘ನನಗೆ ಹಸಿವಾಗಿದೆ’ ಎಂದು ಹಸಿವನ್ನು ಕರ್ತೃವಾಗಿಸುವಂತೆ. ಫಿಲಿಪಿನೋದವರು ‘ಗುತೋಮ್ ಅಕೋ’ ಎಂದು ನೇರವಾಗಿ ತಮ್ಮನ್ನೇ ಹಸಿದವರೆಂದು ಕರೆದುಕೊಳ್ಳುತ್ತಾರೆ.

ಕೇಳುಗನನ್ನು ಒಳಗೊಂಡ ‘ನಾವು’ ಫಿಲಿಪಿನೋದಲ್ಲಿ ‘ತಾಯೋ’; ಅವನನ್ನು ಬಿಟ್ಟ ‘ನಾವು’ ‘ಕಮಿ’. ತಮಿಳು ಮತ್ತು ತೆಲುಗು ಈ ಭೇದವನ್ನು ಉಳಿಸಿಕೊಂಡಿವೆ. ಇಂದಿನ ಕನ್ನಡದಲ್ಲಿಯೂ ಐರಿಷಿನಲ್ಲಿಯೂ ಅದಿಲ್ಲ.

ಎರಡು ಮತಬೋಧೆಯ ಪುಸ್ತಕಗಳು

ವ್ಯಾಕರಣದಿಂದ ಚರಿತ್ರೆಗೆ ಬರೋಣ. ಐರ್ಲೆಂಡಿನಲ್ಲಿ ಅಚ್ಚಾದ ಮೊದಲ ಐರಿಷ್ ಪುಸ್ತಕ 1571ರಲ್ಲಿ ಡಬ್ಲಿನ್‌ನಲ್ಲಿ ಹೊರಬಂದ ಪ್ರಾಟೆಸ್ಟೆಂಟ್ ಮತಬೋಧೆ. 1593ರಲ್ಲಿ ಮನಿಲಾದಲ್ಲಿ ಸ್ಪ್ಯಾನಿಷ್ ಮತ್ತು ಟಗಾಲೋಗ್ ಭಾಷೆಗಳಲ್ಲಿ ಅಚ್ಚಾದುದು ಕ್ಯಾಥೊಲಿಕ್ ಮತಬೋಧೆ; ಅದರ ಟಗಾಲೋಗ್ ಪಾಠವು ರೋಮನ್ ಮತ್ತು ಬಾಯ್‌ಬಾಯಿನ್ ಎರಡೂ ಲಿಪಿಗಳಲ್ಲಿದೆ. ಎರಡು ಕಡೆಯೂ ಆಳುವವರ ಧರ್ಮ ಆಳಿಸಿಕೊಳ್ಳುವವರ ಭಾಷೆಯಲ್ಲಿ ಮಾತಾಡಲು ಯತ್ನಿಸಿತು. ಮುಂದಿನ ದಾರಿಗಳು ಮಾತ್ರ ಕವಲೊಡೆದವು.

ಸ್ಪೇನಿನ ಪಾದ್ರಿಗಳು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಸ್ಥಳೀಯ ಭಾಷೆಗಳನ್ನು ತಾವೇ ಕಲಿತು, ವ್ಯಾಕರಣ ಮತ್ತು ಕೋಶಗಳನ್ನು ರಚಿಸಿ, ಅವುಗಳಲ್ಲೇ ಬೋಧಿಸಿದರು. ಜನಸಾಮಾನ್ಯರಿಗೆ ಸ್ಪ್ಯಾನಿಷ್ ಕಲಿಸಲು ಹೆಚ್ಚು ಶ್ರಮಿಸಲಿಲ್ಲ. ಇದು ಔದಾರ್ಯವೆನ್ನಲಾಗದು, ಭಾಷೆಯನ್ನು ತಿಳಿಯದ ಪ್ರಜೆ ಅಧಿಕಾರವನ್ನು ಪ್ರಶ್ನಿಸಲಾರ. ಆದರೆ ಪರಿಣಾಮವಾಗಿ ಟಗಾಲೋಗ್, ಸೆಬುವಾನೋ, ಇಲೊಕಾನೋ ಮೊದಲಾದವು ಮನೆಗಳಲ್ಲಿ ಉಳಿದವು. ಸ್ಪ್ಯಾನಿಷ್ ಉಳಿದದ್ದು ಪದಗಳಾಗಿ: ಸೋಮವಾರಕ್ಕೆ ‘ಲುನೆಸ್’, ಮಂಗಳವಾರಕ್ಕೆ ‘ಮಾರ್ತೆಸ್’, ಪುಸ್ತಕಕ್ಕೆ ‘ಲಿಬ್ರೋ’. ಐರಿಷಿನಲ್ಲಿಯೂ ಅವು ‘ಲೂಅನ್’, ‘ಮಾರ್ತ್’, ‘ಲ್ಯೌರ್’. ಒಂದು ಸ್ಪೇನಿನ ಮೂಲಕ, ಇನ್ನೊಂದು ಆದಿಕಾಲದ ಮಠಗಳ ಮೂಲಕ, ಎರಡೂ ಲ್ಯಾಟಿನ್ನಿನಿಂದಲೇ ಪಡೆದ ಸೊತ್ತು. ನಮ್ಮ ಸೋಮ, ಮಂಗಳರಂತೆ ಅಲ್ಲಿಯೂ ಆ ವಾರಗಳು ಚಂದ್ರನಿಗೂ ಕುಜನಿಗೂ ಸೇರಿದವು.

ಐರ್ಲೆಂಡಿನಲ್ಲಿ ಹಾಗಾಗಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಐರಿಷ್ ಮಾತಾಡುವ ಪ್ರಭುಗಳು ನೆಲ ಕಳೆದುಕೊಂಡರು. ಅವರೊಡನೆ ಕವಿಗಳ ಆಶ್ರಯವೂ ಹೋಯಿತು. 1831ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದವು. ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಐರಿಷ್ ಆಡಿದಾಗಲೆಲ್ಲ ಅದರ ಮೇಲೊಂದು ಗೀರು ಹಾಕಿ, ಗೀರುಗಳ ಲೆಕ್ಕದಲ್ಲಿ ಶಿಕ್ಷಿಸುವ ಪದ್ಧತಿಯಿತ್ತು. ಅದಕ್ಕೆ ಎಷ್ಟೋ ವೇಳೆ ತಂದೆತಾಯಿಗಳೇ ಸಮ್ಮತಿಸಿದ್ದರು. 1845ರಿಂದ ಬಿದ್ದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹೆಚ್ಚು ನಲುಗಿದವರು ಪಶ್ಚಿಮದ ಬಡವರು, ಐರಿಷ್ ಆಡುವವರು. ಉಳಿದವರಿಗೆ ಇಂಗ್ಲಿಷ್ ಎಂದರೆ ಅಮೆರಿಕದ ಹಡಗಿನ ಚೀಟಿ. 1851ರ ಜನಗಣತಿಯ ಹೊತ್ತಿಗೆ ಐರಿಷ್ ಬಲ್ಲವರು ಸುಮಾರು 15 ಲಕ್ಷ, ನಾಲ್ಕರಲ್ಲೊಬ್ಬರಿಗಿಂತ ಕಡಿಮೆ. 1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಸಂಘವನ್ನು ಕಟ್ಟಿದಾಗ ಅವರು ಬೆಳೆಸಲು ಹೊರಟದ್ದು ಮನೆಗಳಿಂದ ಆಗಲೇ ಹೊರಟುಹೋಗುತ್ತಿದ್ದ ಭಾಷೆಯನ್ನು.

ಫಿಲಿಪ್ಪೀನ್ಸಿಗೂ ಇಂಗ್ಲಿಷ್ ಬಂದಿತು, ಅದೂ ಹಡಗಿನಲ್ಲಿಯೇ. ಅಮೆರಿಕದ ಆಡಳಿತ ಆರಂಭವಾದ ಮೇಲೆ, 1901ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ನೂರಾರು ಅಮೆರಿಕನ್ ಶಿಕ್ಷಕರು ಬಂದಿಳಿದರು. ಶಾಲೆಯ ಭಾಷೆ ಇಂಗ್ಲಿಷಾಯಿತು. ಆದರೆ ಮಗು ಮನೆಗೆ ಮರಳಿದಾಗ ಅಲ್ಲಿ ಬೇರೆಯ ಭಾಷೆ ಕಾದಿತ್ತು.

ಪಟ್ಟ ದೊರೆತ ಮೇಲೆ

ಇಂದಿನ ಲೆಕ್ಕವನ್ನು ನೋಡೋಣ. ಐರಿಷ್ ಸಂವಿಧಾನದಲ್ಲಿ ಮೊದಲನೆಯದು. ಸಂವಿಧಾನದ ಎರಡು ಪಾಠಗಳ ನಡುವೆ ಭೇದ ಬಂದರೆ ಐರಿಷ್ ಪಾಠವೇ ಪ್ರಮಾಣ. ಶಾಲೆಗಳಲ್ಲಿ ಅದು ಕಡ್ಡಾಯ ವಿಷಯ. 1972ರಿಂದ ಬಾನುಲಿ ಕೇಂದ್ರ, 1996ರಿಂದ ದೂರದರ್ಶನ ವಾಹಿನಿ ಇವೆ. 2007ರಲ್ಲಿ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯಾಯಿತು, 2022ರಲ್ಲಿ ಅಲ್ಲಿ ಪೂರ್ಣಸ್ಥಾನ ಪಡೆಯಿತು. ಅದೇ 2022ರ ಜನಗಣತಿಯಲ್ಲಿ 18,73,997 ಜನ ತಮಗೆ ಐರಿಷ್ ಬರುತ್ತದೆಂದರು. ಶಾಲೆಯ ಹೊರಗೆ ಅದನ್ನು ದಿನವೂ ಆಡುತ್ತೇವೆಂದವರು 71,968 ಮಂದಿ. ಈ ಎರಡು ಸಂಖ್ಯೆಗಳ ನಡುವಿನ ಕಂದರವೇ ಐರಿಷಿನ ಕಥೆ.

ಫಿಲಿಪಿನೋದ ಕಥೆ ಇದರ ಪ್ರತಿಬಿಂಬ. ದೇಶದ ಬಹುಪಾಲು ಜನ ಅದನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಬಲ್ಲರು. ಸಿನಿಮಾ, ಹಾಡು, ಸಂತೆ, ಜಗಳ, ಪ್ರೇಮ ಎಲ್ಲವೂ ಅದರಲ್ಲಿ ನಡೆಯುತ್ತವೆ. ಆದರೆ ಕಾನೂನುಗಳು ಇಂಗ್ಲಿಷಿನಲ್ಲಿ ರಚಿತವಾಗುತ್ತವೆ. ಉಚ್ಚ ನ್ಯಾಯಾಲಯಗಳ ತೀರ್ಪುಗಳು, ವಿಜ್ಞಾನ, ವೈದ್ಯಕೀಯ, ದೊಡ್ಡ ಉದ್ಯೋಗ ಇವು ಇಂಗ್ಲಿಷಿನವೇ. ಕಾಲೇಜಿನ ಕಡ್ಡಾಯ ವಿಷಯಗಳ ಪಟ್ಟಿಯಿಂದ ಫಿಲಿಪಿನೋವನ್ನು ಕೈಬಿಡುವ ಸರ್ಕಾರಿ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿಯಿತು. ಮತ್ತೊಂದು ನೋವೂ ಇದೆ: ನೂರೆಪ್ಪತ್ತಕ್ಕೂ ಹೆಚ್ಚು ಭಾಷೆಗಳ ಆ ನಾಡಿನಲ್ಲಿ ಸೆಬುವಾನೋ ಆಡುವವರು ರಾಷ್ಟ್ರಭಾಷೆಯನ್ನು ಮನಿಲಾದವರ ಭಾಷೆಯೆಂದೇ ಕಾಣುತ್ತಾರೆ. ಇಂಗ್ಲಿಷಿನ ಮುಂದೆ ಕಿರಿದಾದ ಫಿಲಿಪಿನೋ, ಸೆಬುವಾನೋದ ಮುಂದೆ ಹಿರಿಯಣ್ಣ. ಭಾರತದಿಂದ ಬಂದ ನಮಗೆ ಈ ವಾದವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೀಗೆ ಐರಿಷಿಗೆ ಮಾಡು ಭದ್ರವಾಗಿದೆ, ಒಲೆ ಆರುತ್ತಿದೆ. ಫಿಲಿಪಿನೋದ ಒಲೆ ಉರಿಯುತ್ತಿದೆ, ಮೇಲಿನ ಮಹಡಿಗೆ ಅದಕ್ಕೆ ಪ್ರವೇಶವಿಲ್ಲ. 1937ರ ಘೋಷಣೆಗಳು ಇದ್ದುದನ್ನು ಗುರುತಿಸಬಲ್ಲವಾಗಿದ್ದವು, ಇಲ್ಲದುದನ್ನು ಹುಟ್ಟಿಸಬಲ್ಲವಾಗಿರಲಿಲ್ಲ. ಭಾಷೆಯ ಹಣೆಬರಹ ನಿರ್ಧಾರವಾದದ್ದು ಅದಕ್ಕೂ ಒಂದು ಶತಮಾನ ಮೊದಲು, ತಾಯಿ ತನ್ನ ಮಗುವನ್ನು ಯಾವ ಭಾಷೆಯಲ್ಲಿ ಗದರಿಸಬೇಕೆಂದು ಆರಿಸಿಕೊಂಡಾಗ.

ಐರಿಷ್ ತಾಯಂದಿರನ್ನು ದೂರುವುದು ಅನ್ಯಾಯ. ಹಸಿವಿನ ಮುಂದೆ ಅವರು ಮಾಡಿದ ಆಯ್ಕೆ ಅದು. ಆದರೆ ಡಬ್ಲಿನ್‌ನಲ್ಲಿ ನನ್ನ ಸಹೋದ್ಯೋಗಿಯಾದ ಫಿಲಿಪಿನೋ ದಾದಿಯೊಬ್ಬರು ತಮ್ಮ ಮಕ್ಕಳೊಡನೆ ಇಂಗ್ಲಿಷ್ ಮಾತ್ರ ಆಡುತ್ತಾರೆ. ಶಾಲೆಯಲ್ಲಿ ಹಿಂದೆ ಬೀಳಬಾರದೆಂಬುದು ಅವರ ಕಾಳಜಿ. ಅವರ ಮಕ್ಕಳು ಶಾಲೆಯಲ್ಲಿ ಐರಿಷ್ ಕಲಿಯುತ್ತಿದ್ದಾರೆ, ನನ್ನ ಮಕ್ಕಳೂ ಕಲಿಯುತ್ತಿದ್ದಾರೆ. ಈ ನಾಡು ತಾನು ಕಳೆದುಕೊಂಡುದನ್ನು ನಮ್ಮ ಮಕ್ಕಳಿಗೆ ಪಾಠವಾಗಿ ಕಲಿಸುತ್ತಿರುವಾಗಲೇ, ಅದು ಕಳೆದುಕೊಂಡ ರೀತಿಯಲ್ಲೇ ನಾವೂ ಕಳೆದುಕೊಳ್ಳುತ್ತಿದ್ದೇವೆ. ನಮಗೆ ಕ್ಷಾಮದ ನೆಪವೂ ಇಲ್ಲ. ಕರ್ನಾಟಕದಲ್ಲಿ ಕನ್ನಡಕ್ಕೆ ಸರ್ಕಾರವಿದೆ, ಶಾಲೆಯಿದೆ, ಕೋಟಿಗಟ್ಟಲೆ ಜನರಿದ್ದಾರೆ. ಹೊರನಾಡಿನ ಕನ್ನಡಕ್ಕೆ ಇರುವುದು ಅಡುಗೆಮನೆಯೊಂದೇ. ಅಲ್ಲಿ ‘ಬೆಕ್ಕಿದೆಯೇ?’ ಎಂಬ ಪ್ರಶ್ನೆಗೆ ‘ಇದೆ’ ಎಂಬ ಉತ್ತರ ಕನ್ನಡದಲ್ಲಿಯೇ ಬರುತ್ತಿರುವವರೆಗೆ ಭಾಷೆಗೆ ಭಯವಿಲ್ಲ.